ಕೊಲಂಬಸ್‌ನಿಂದ ಇಟಲಿಯ ರವೆಲ್ಲೊಗೆ, ಮದುವೆಗಾಗಿ: ನಾಲ್ವರ ವಿಮಾನ ದರ ಕೈಗೆಟುಕುತ್ತಿಲ್ಲ

ಪ್ರಶ್ನೆ

ನನ್ನ ತಮ್ಮನ ಮದುವೆ ಬರುವ ಜೂನ್ ತಿಂಗಳ ಮೂರನೆಯ ಶನಿವಾರ ಇಟಲಿಯ ಅಮಾಲ್ಫಿ ಕರಾವಳಿಯ ರವೆಲ್ಲೊ ಊರಿನಲ್ಲಿ ನಿಶ್ಚಯವಾಗಿದೆ. ನಾವಿರುವುದು ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಹೊರಡುವವರು ನಾನು, ನನ್ನ ಪತ್ನಿ, ಒಂಬತ್ತು ವರ್ಷದ ಮಗಳು ಮತ್ತು ನನ್ನ ತಾಯಿ. ನಮ್ಮ ಮೂವರ ಬಳಿ ಅಮೆರಿಕದ ಪಾಸ್‌ಪೋರ್ಟ್ ಇದೆ. ತಾಯಿಯವರದು ಭಾರತದ ಪಾಸ್‌ಪೋರ್ಟ್, ಜೊತೆಗೆ ಗ್ರೀನ್ ಕಾರ್ಡ್ ಇದೆ.

ಗೂಗಲ್ ಫ್ಲೈಟ್ಸ್‌ನಲ್ಲಿ ಕೊಲಂಬಸ್‌ನಿಂದ ನೇಪಲ್ಸ್‌ಗೆ ಹುಡುಕುತ್ತಿದ್ದೇನೆ. ದರ ಹೆಚ್ಚಿರುವುದು ಒಂದು ಕಡೆಯಾದರೆ, ಎರಡು ಸಂಗತಿಗಳು ಅರ್ಥವೇ ಆಗುತ್ತಿಲ್ಲ. ಒಬ್ಬರಿಗೆಂದು ಹುಡುಕಿದಾಗ ಕಾಣುವ ದರವನ್ನು ನಾಲ್ಕರಿಂದ ಗುಣಿಸಿದರೆ ಬರುವ ಮೊತ್ತಕ್ಕಿಂತ, ನಾಲ್ವರಿಗೆಂದು ಹುಡುಕಿದಾಗ ತೋರಿಸುವ ಮೊತ್ತ ಬಹಳ ಹೆಚ್ಚಾಗಿರುತ್ತದೆ. ಇನ್ನೊಂದು, ಬೇರೊಂದು ಬುಕಿಂಗ್ ತಾಣದಲ್ಲಿ ಕಂಡ ಅಗ್ಗದ ಟಿಕೆಟ್ ಹಣ ಪಾವತಿಸುವ ಪುಟಕ್ಕೆ ಹೋಗುವಷ್ಟರಲ್ಲಿ ದುಬಾರಿಯಾಗಿಬಿಡುತ್ತದೆ. ಬ್ರೌಸರ್‌ನ ಕುಕಿಗಳನ್ನು ಅಳಿಸಿ ನೋಡಿದರೂ ವ್ಯತ್ಯಾಸವಾಗಲಿಲ್ಲ. ಮದುವೆಯ ದಿನವನ್ನಂತೂ ಬದಲಿಸುವಂತಿಲ್ಲ. ಎಲ್ಲಿಂದ ಸರಿಪಡಿಸಿಕೊಳ್ಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ಕುಕಿಗಳನ್ನು ಮರೆತುಬಿಡಿ, ನಿಮ್ಮ ಎರಡೂ ತೊಂದರೆಗಳಿಗೆ ಕಾರಣ ಬೇರೆಯೇ ಇದೆ.

ಎಕಾನಮಿ ಕ್ಯಾಬಿನ್ ನೋಡಲು ಒಂದೇ ಆದರೂ, ಅದರ ಆಸನಗಳನ್ನು ವಿಮಾನ ಸಂಸ್ಥೆ ಹಲವು ದರಶ್ರೇಣಿಗಳಾಗಿ ವಿಂಗಡಿಸಿ ಮಾರುತ್ತದೆ. ಒಂದೇ ಬುಕಿಂಗ್‌ನಲ್ಲಿರುವ ಎಲ್ಲರಿಗೂ ಸಾಮಾನ್ಯವಾಗಿ ಒಂದೇ ಶ್ರೇಣಿಯ ಆಸನ ಸಿಗಬೇಕಾಗುತ್ತದೆ. ಅತಿ ಅಗ್ಗದ ಶ್ರೇಣಿಯಲ್ಲಿ ಎರಡೇ ಆಸನಗಳು ಉಳಿದಿದ್ದರೆ, ನಾಲ್ವರನ್ನು ಕೇಳಿದ ತಕ್ಷಣ ವ್ಯವಸ್ಥೆಯು ಆ ಎರಡನ್ನು ಬಿಟ್ಟು ನಾಲ್ವರನ್ನೂ ಮೇಲಿನ ಶ್ರೇಣಿಗೆ ಏರಿಸುತ್ತದೆ. ಆದ್ದರಿಂದ ಒಬ್ಬರಿಗೆ, ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ ಎಂದು ಬೇರೆ ಬೇರೆಯಾಗಿ ಹುಡುಕಿ, ತಲಾ ದರ ಎಲ್ಲಿ ಜಿಗಿಯುತ್ತದೆ ಎಂಬುದನ್ನು ಗಮನಿಸಿ. ಮೂರಕ್ಕೆ ಜಿಗಿದರೆ ಇಬ್ಬಿಬ್ಬರಂತೆ ಎರಡು ಬುಕಿಂಗ್ ಮಾಡಿ, ಮಗಳನ್ನು ಯಾರಾದರೊಬ್ಬ ಹಿರಿಯರ ಜೊತೆಗಿರಿಸಿ, ನಂತರ ಸಂಸ್ಥೆಗೆ ಕರೆ ಮಾಡಿ ಎರಡನ್ನೂ ಪರಸ್ಪರ ಜೋಡಿಸುವಂತೆ ಕೇಳಿಕೊಳ್ಳಿ. ಇದರಲ್ಲಿ ಒಂದು ನಷ್ಟವೂ ಇದೆ: ವಿಮಾನ ರದ್ದಾದರೆ ನಿಮ್ಮಿಬ್ಬರಿಗೆ ಒಂದು, ಉಳಿದಿಬ್ಬರಿಗೆ ಇನ್ನೊಂದು ಬದಲಿ ವಿಮಾನ ಸಿಗುವ ಸಾಧ್ಯತೆಯಿರುತ್ತದೆ.

ಪಾವತಿ ಪುಟದಲ್ಲಿ ಬದಲಾಗುವ ದರವು ಹಿಂದೆ ಯಾರೋ ಹುಡುಕಿದಾಗ ಸಂಗ್ರಹಿಸಿಟ್ಟ ಹಳೆಯ ದರ. ಅದನ್ನು ಬೆನ್ನಟ್ಟುವುದು ವ್ಯರ್ಥ. ಹುಡುಕಾಟ ಎಲ್ಲಿಯಾದರೂ ನಡೆಯಲಿ, ಖರೀದಿ ಮಾತ್ರ ನೇರವಾಗಿ ವಿಮಾನ ಸಂಸ್ಥೆಯ ತಾಣದಲ್ಲೇ ಆಗಲಿ. ಪ್ರಯಾಣಕ್ಕೆ ಕನಿಷ್ಠ 7 ದಿನ ಮುಂಚೆ ಸಂಸ್ಥೆಯಿಂದಲೇ ಕೊಂಡ ಟಿಕೆಟ್ಟನ್ನು 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು, ಇಲ್ಲವೇ ಹಣ ಕಟ್ಟದೆ ಅಷ್ಟು ಹೊತ್ತು ದರವನ್ನು ಕಾಯ್ದಿರಿಸಲು ಅಮೆರಿಕದ ಸಾರಿಗೆ ಇಲಾಖೆಯ ನಿಯಮ ಅವಕಾಶ ಕೊಡುತ್ತದೆ. ಮಧ್ಯವರ್ತಿ ತಾಣಗಳಿಗೆ ಈ ನಿಯಮದ ಕಟ್ಟುಪಾಡಿಲ್ಲ.

ಇನ್ನು ದರದ ವಿಷಯ. ನನ್ನ ದೃಷ್ಟಿಯಲ್ಲಿ ನಿಮ್ಮ ಮುಖ್ಯ ತೊಡಕು ಹುಡುಕಾಟದ ಎರಡು ತುದಿಗಳಲ್ಲಿದೆ. ರವೆಲ್ಲೊದಲ್ಲಿ ವಿಮಾನ ನಿಲ್ದಾಣವಿಲ್ಲ. ಹೇಗಿದ್ದರೂ ಕೊನೆಯ ಹಂತ ನೆಲದ ಮೇಲೆಯೇ. ಹಾಗಿರುವಾಗ ನೇಪಲ್ಸ್‌ಗೇ ಇಳಿಯಬೇಕೆಂಬ ಹಟ ಏಕೆ? ಅಮೆರಿಕದಿಂದ ನೇಪಲ್ಸ್‌ಗೆ ನೇರ ವಿಮಾನಗಳು ಕೆಲವೇ, ಅವೂ ಬೇಸಿಗೆಯವು. ರೋಮ್‌ನ ಫ್ಯೂಮಿಚಿನೊ ನಿಲ್ದಾಣಕ್ಕಾದರೆ ನ್ಯೂಯಾರ್ಕ್, ನೆವಾರ್ಕ್, ಶಿಕಾಗೊ, ಫಿಲಡೆಲ್ಫಿಯಾ, ಅಟ್ಲಾಂಟಾ ಮುಂತಾದ ಕಡೆಗಳಿಂದ ಹಲವು ಸಂಸ್ಥೆಗಳು ಪೈಪೋಟಿಯಲ್ಲಿ ಹಾರಿಸುತ್ತವೆ. ಫ್ಯೂಮಿಚಿನೊದಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷದಲ್ಲಿ ರೋಮ್‌ನ ಟರ್ಮಿನಿ ನಿಲ್ದಾಣ ತಲುಪಿಸುತ್ತದೆ. ಅಲ್ಲಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ. ಅದೇ ಮಾರ್ಗದ ಕೆಲವು ರೈಲುಗಳು ಸಲೆರ್ನೊವರೆಗೂ ಹೋಗುತ್ತವೆ. ಜೂನ್‌ನಲ್ಲಿ ಸಲೆರ್ನೊದಿಂದ ಅಮಾಲ್ಫಿಗೆ ದೋಣಿ ಸಂಚಾರವಿರುತ್ತದೆ, ಅಮಾಲ್ಫಿಯಿಂದ ರವೆಲ್ಲೊಗೆ ಬಸ್ ಇದೆ. ಟ್ರೆನಿಟಾಲಿಯಾ ಮತ್ತು ಇಟಾಲೊ ಎಂಬ ಎರಡು ಸಂಸ್ಥೆಗಳು ಈ ಹಳಿಯಲ್ಲಿ ಪರಸ್ಪರ ಸ್ಪರ್ಧಿಸುವುದರಿಂದ ಮುಂಗಡ ರೈಲು ಟಿಕೆಟ್ ಹೊರೆಯಾಗದು.

ಹೊರಡುವ ತುದಿಯಲ್ಲೂ ಹೀಗೆಯೇ. ಗೂಗಲ್ ಫ್ಲೈಟ್ಸ್‌ನ ಒಂದೇ ಪೆಟ್ಟಿಗೆಯಲ್ಲಿ ಹಲವು ನಿಲ್ದಾಣಗಳನ್ನು ನಮೂದಿಸಬಹುದು. ಕೊಲಂಬಸ್ ಜೊತೆಗೆ ಸಿನ್ಸಿನಾಟಿ, ಡೆಟ್ರಾಯಿಟ್, ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್ ಸೇರಿಸಿ. ಇಳಿಯುವ ಕಡೆ ರೋಮ್, ನೇಪಲ್ಸ್ ಎರಡನ್ನೂ ಹಾಕಿ. ಅನಂತರ ದಿನಾಂಕಗಳ ಕೋಷ್ಟಕ ತೆರೆದು ಸೋಮವಾರ, ಮಂಗಳವಾರ, ಬುಧವಾರಗಳ ನಿರ್ಗಮನವನ್ನು ಹೋಲಿಸಿ. ರೋಮ್‌ಗೆ ಇಳಿದು ನೇಪಲ್ಸ್‌ನಿಂದ ಮರಳುವ ಟಿಕೆಟ್ಟನ್ನು ಮಲ್ಟಿ ಸಿಟಿ ಆಯ್ಕೆಯಲ್ಲಿ ಒಟ್ಟಾಗಿ ಕೇಳಿ ನೋಡಿ. ಎರಡು ಒಮ್ಮುಖ ಟಿಕೆಟ್‌ಗಳಾಗಿ ಕೊಂಡರೆ ಹಳೆಯ ದೊಡ್ಡ ಸಂಸ್ಥೆಗಳಲ್ಲಿ ದುಬಾರಿಯಾಗುವುದೇ ಹೆಚ್ಚು.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ನೀವು ಹೇಳಿದಂತೆಯೇ ಮೂರನೆಯವರನ್ನು ಸೇರಿಸಿದಾಗ ತಲಾ ದರ ಜಿಗಿಯುತ್ತಿದೆ. ಡೆಟ್ರಾಯಿಟ್‌ನಿಂದ ರೋಮ್‌ಗೆ ದರ ಸಾಕಷ್ಟು ಇಳಿದಿದೆ. ಆದರೆ ಇದಕ್ಕಿಂತಲೂ ಅಗ್ಗವಾದ ಒಂದು ದಾರಿ ಕಾಣುತ್ತಿದೆ: ನ್ಯೂಯಾರ್ಕ್‌ನಿಂದ ಲಂಡನ್ನಿನ ಗ್ಯಾಟ್‌ವಿಕ್‌ಗೆ ಅಗ್ಗದ ಸಂಸ್ಥೆಯೊಂದರ ಟಿಕೆಟ್, ಅಲ್ಲಿಂದ ನೇಪಲ್ಸ್‌ಗೆ ಇನ್ನೊಂದು ಸಂಸ್ಥೆಯ ಪ್ರತ್ಯೇಕ ಟಿಕೆಟ್. ನಡುವೆ ಮೂರು ಗಂಟೆ ಬಿಡುವಿದೆ. ಹೀಗೆ ಹೋಗಬಹುದೇ?

ಎರಡನೆಯ ಉತ್ತರ

ಮದುವೆಗೆ ಹೊರಟವರು ಹೀಗೆ ಹೋಗಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪ್ರತ್ಯೇಕ ಟಿಕೆಟ್‌ಗಳಾದ್ದರಿಂದ ಮೊದಲ ವಿಮಾನ ತಡವಾದರೆ ಎರಡನೆಯ ಸಂಸ್ಥೆಗೆ ಯಾವ ಹೊಣೆಯೂ ಇಲ್ಲ. ನಾಲ್ಕು ಹೊಸ ಟಿಕೆಟ್‌ಗಳನ್ನು ಅಂದಿನ ದರಕ್ಕೆ ಕೊಳ್ಳಬೇಕಾಗುತ್ತದೆ. ಲಗೇಜ್ ಹೊರತಂದು ಮತ್ತೆ ಒಪ್ಪಿಸಬೇಕು, ಅಂದರೆ ಬ್ರಿಟನ್ನಿನ ಗಡಿ ದಾಟಲೇಬೇಕು. 2025ರ ಜನವರಿಯಿಂದ ಅಮೆರಿಕದ ಪಾಸ್‌ಪೋರ್ಟ್ ಉಳ್ಳವರೂ ಇದಕ್ಕಾಗಿ ಇಟಿಎ ಎಂಬ ಮುಂಗಡ ಅನುಮತಿ ಪಡೆಯಬೇಕಿದೆ, ನಿಮ್ಮ ತಾಯಿಯವರಿಗೆ ಅನ್ವಯಿಸುವ ನಿಯಮವೇ ಬೇರೆ. ಲಂಡನ್ನಿನಿಂದಲೇ ಆರಂಭವಾಗುವ ಮರುಪ್ರಯಾಣದ ಟಿಕೆಟ್‌ನಲ್ಲಿ ದೂರದ ವಿಮಾನಗಳ ನಿರ್ಗಮನ ತೆರಿಗೆಯೂ ಸೇರಿರುತ್ತದೆ. ಎಕಾನಮಿಯಲ್ಲಿ 16 ವರ್ಷದೊಳಗಿನವರಿಗೆ ಮಾತ್ರ ಅದರಿಂದ ವಿನಾಯಿತಿ.

ಅಟ್ಲಾಂಟಿಕ್ ದಾಟಿಸುವ ಅಗ್ಗದ ಸಂಸ್ಥೆಗಳ ಚರಿತ್ರೆಯೂ ಅಷ್ಟು ಭರವಸೆ ಹುಟ್ಟಿಸುವಂಥದ್ದಲ್ಲ. ಐಸ್‌ಲ್ಯಾಂಡಿನ ವಾವ್ ಏರ್ 2019ರ ಮಾರ್ಚ್‌ನಲ್ಲಿ, ಅದೇ ದೇಶದ ಪ್ಲೇ 2025ರ ಸೆಪ್ಟೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಹಾರಾಟ ನಿಲ್ಲಿಸಿದವು. ಅಂಥ ಟಿಕೆಟ್ ಕೊಳ್ಳಲೇಬೇಕಾದರೆ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಳ್ಳಿ, ನಡುವೆ ಒಂದು ರಾತ್ರಿ ತಂಗಿ. ತಂಗುವ ಖರ್ಚು ಸೇರಿಸಿದ ಮೇಲೆ ಉಳಿತಾಯ ಎಷ್ಟು ಉಳಿಯುತ್ತದೆಂದು ನೀವೇ ಲೆಕ್ಕ ಹಾಕಬಹುದು.

ಮೂರನೆಯ ಉತ್ತರ

ತಾಯಿಯವರ ವೀಸಾ ವಿಚಾರವನ್ನು ಇಲ್ಲಿ ಇನ್ನೂ ಯಾರೂ ಪೂರ್ತಿಯಾಗಿ ಎತ್ತಿಲ್ಲ. ಗ್ರೀನ್ ಕಾರ್ಡ್ ಇದ್ದರೂ ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಇಟಲಿ ಪ್ರವೇಶಿಸಲು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಸಲ್ಲಿಸಬಹುದು, ಕನಿಷ್ಠ 15 ದಿನ ಮೊದಲು ಸಲ್ಲಿಸಿರಬೇಕು. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೊ. ಕಷ್ಟವಿರುವುದು ಶುಲ್ಕದಲ್ಲಲ್ಲ, ಬೇಸಿಗೆಗೆ ಮುನ್ನ ಸಂದರ್ಶನದ ಸಮಯ ಸಿಗುವುದರಲ್ಲಿ. ಆದ್ದರಿಂದ ಮೊದಲು ಆ ಸಮಯವನ್ನು ಗೊತ್ತುಮಾಡಿಕೊಳ್ಳಿ.

ಟಿಕೆಟ್ ವಿಭಜಿಸುವಾಗ ತಾಯಿಯವರದನ್ನು ಬದಲಿಸಬಹುದಾದ ದರದಲ್ಲಿ ಕೊಳ್ಳಿ. ಅಮೆರಿಕದ ದೊಡ್ಡ ಸಂಸ್ಥೆಗಳು ಇಲ್ಲಿಂದ ಹೊರಡುವ ಸಾಮಾನ್ಯ ಎಕಾನಮಿ ಟಿಕೆಟ್‌ಗಳಿಗೆ ಬದಲಾವಣೆ ಶುಲ್ಕವನ್ನು ಕೈಬಿಟ್ಟಿವೆ, ದರದ ವ್ಯತ್ಯಾಸ ಮಾತ್ರ ಕಟ್ಟಬೇಕಾಗಬಹುದು. ಬೇಸಿಕ್ ಎಕಾನಮಿ ಎಂಬ ಅತಿ ಅಗ್ಗದ ಟಿಕೆಟ್‌ಗೆ ಈ ಅನುಕೂಲವಿಲ್ಲ. ಅದರಲ್ಲಿ ಒಪ್ಪಿಸುವ ಲಗೇಜಿಗೂ ಆಸನದ ಆಯ್ಕೆಗೂ ಸಾಮಾನ್ಯವಾಗಿ ಬೇರೆ ಹಣ ತೆರಬೇಕಾದ್ದರಿಂದ, ಹೋಲಿಸುವಾಗ ಲಗೇಜ್ ಸೇರಿಸಿಯೇ ಹೋಲಿಸಿ.

ಪ್ರಶ್ನೆ ಕೇಳಿದವರು

ಲಂಡನ್ ದಾರಿಯನ್ನು ಕೈಬಿಟ್ಟಿದ್ದೇನೆ, ವೀಸಾ ಸಂದರ್ಶನದ ಸಮಯ ಹುಡುಕುತ್ತಿದ್ದೇನೆ. ಉಳಿದಿರುವುದು ಎರಡು ಸಂದೇಹಗಳು. ಕೊಲಂಬಸ್‌ನಿಂದ ಡೆಟ್ರಾಯಿಟ್ ಮೂಲಕ ರೋಮ್‌ಗೆ ಹೋಗುವ ಟಿಕೆಟ್ ಕೆಲವು ದಿನಗಳಲ್ಲಿ ಡೆಟ್ರಾಯಿಟ್ಟಿನದಕ್ಕಿಂತ ಅಗ್ಗವಾಗಿದೆ. ಅದನ್ನು ಕೊಂಡು ನೇರವಾಗಿ ಡೆಟ್ರಾಯಿಟ್‌ನಲ್ಲೇ ಹತ್ತಬಹುದೇ? ಶುಕ್ರವಾರ ಬೆಳಿಗ್ಗೆ ಇಳಿಯುವ ವಿಮಾನದ ದರ ಎಲ್ಲಕ್ಕಿಂತ ಕಡಿಮೆಯಿದೆ, ಅದು ಸಾಕೇ?

ಮೊದಲ ಉತ್ತರ ಕೊಟ್ಟವರು

ಮೊದಲ ಹಂತದ ವಿಮಾನ ಹತ್ತದಿದ್ದರೆ ಮರಳುವ ಪ್ರಯಾಣವೂ ಸೇರಿದಂತೆ ಉಳಿದ ಹಂತಗಳೆಲ್ಲ ರದ್ದಾಗುತ್ತವೆ. ಆ ಟಿಕೆಟ್ ಕೊಂಡರೆ ಕೊಲಂಬಸ್‌ನಿಂದಲೇ ಹೊರಡಿ. ಕಾರು ಓಡಿಸುವ ಶ್ರಮವೂ, ಡೆಟ್ರಾಯಿಟ್‌ನಲ್ಲಿ ಪಾರ್ಕಿಂಗ್ ಶುಲ್ಕವೂ ಉಳಿಯುತ್ತವೆ.

ಶುಕ್ರವಾರ ಬೇಡ, ಬುಧವಾರ ಇಳಿಯಿರಿ. ಯುರೋಪಿನ ಸಂಸ್ಥೆಯ ವಿಮಾನವು ಅದರದೇ ತಪ್ಪಿನಿಂದ ನಾಲ್ಕು ಗಂಟೆಗಿಂತ ಹೆಚ್ಚು ತಡವಾದರೆ ಈ ದೂರಕ್ಕೆ ತಲಾ 600 ಯೂರೊ ಪರಿಹಾರ ಸಿಗಬೇಕೆಂಬ ನಿಯಮವಿದೆ. ಅಮೆರಿಕದ ಸಂಸ್ಥೆಗಳಿಗೆ ಅದು ಅನ್ವಯಿಸುವುದು ಯುರೋಪಿನಿಂದ ಹೊರಡುವಾಗ ಮಾತ್ರ, ಮತ್ತು ತಪ್ಪಿಹೋದ ಮುಹೂರ್ತವನ್ನು ಯಾವ ಪರಿಹಾರವೂ ತಂದುಕೊಡಲಾರದು. ಮದುವೆಯಂದು ಉಡುವ ಬಟ್ಟೆಗಳನ್ನು ಒಪ್ಪಿಸುವ ಲಗೇಜಿನಲ್ಲಿಡದೆ ಕೈಚೀಲದಲ್ಲೇ ಒಯ್ಯಿರಿ. ಲಗೇಜ್ ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ ಅದರ ಸಂಖ್ಯೆ ಪಡೆಯಿರಿ, ತುರ್ತಾಗಿ ಕೊಂಡ ವಸ್ತುಗಳ ರಸೀದಿಗಳನ್ನು ಇಟ್ಟುಕೊಳ್ಳಿ. ವಿಳಂಬದ ನಷ್ಟಕ್ಕಾಗಿ, ಲಗೇಜ್ ಕೈಸೇರಿದ 21 ದಿನಗಳೊಳಗೆ ಸಂಸ್ಥೆಗೆ ಲಿಖಿತ ದೂರು ಸಲ್ಲಿಸಬೇಕಾಗುತ್ತದೆ.