ಲೇಸರ್ ಹಾಕುವ ಮೊದಲೇ ಲಿಪೊಸೋಮ್ ಸೋರುತ್ತಿದೆ, ಯಾಕೆ?

ಪೊರೆ_ಪ್ರಶ್ನೆ:
ನನ್ನ ಲಿಪೊಸೋಮ್ (ಔಷಧ ತುಂಬುವ ಅತಿಸಣ್ಣ ಕೊಬ್ಬಿನ ಚೀಲ) ಪೊರೆಯಲ್ಲಿ ಮೂರು ಲಿಪಿಡ್ ಇವೆ: ಡಿಪಿಪಿಸಿ, ಎಂಎಸ್‌ಪಿಸಿ, ಡಿಎಸ್‌ಪಿಇ-ಪೆಗ್ 2000 ಮೋಲಾರ್ ಅನುಪಾತ 86:10:4. ಔಷಧದ ಬದಲಿಗೆ ಸದ್ಯಕ್ಕೆ ಒಳಗಿರುವುದು 60 ಮಿಲಿಮೋಲಾರ್ ಕ್ಯಾಲ್ಸೀನ್ ಎಂಬ ಹೊಳೆಯುವ ಬಣ್ಣ; ಒಳಗೆ ದಟ್ಟವಾಗಿರುವಾಗ ಮಂಕು, ಹೊರಬಂದರೆ ಹೊಳೆಯುತ್ತದೆ. ಗೋಲ್ಡ್ ನ್ಯಾನೊರಾಡ್ (ಚಿನ್ನದ ಅತಿಸಣ್ಣ ಕಡ್ಡಿ) ಬೆರೆಸಿ 808 ನ್ಯಾನೊಮೀಟರ್ ಲೇಸರ್ ಬಿಟ್ಟರೆ ರಾಡ್ ಬಿಸಿಯಾಗಿ, ಪೊರೆ 41 ಡಿಗ್ರಿ ತಲುಪಿದಾಗ ಬಣ್ಣ ಹೊರಬರಬೇಕು. ಆದರೆ ಕತ್ತಲಲ್ಲಿ 25 ಡಿಗ್ರಿಯಲ್ಲಿ ಇಟ್ಟರೂ ಹೊಳಪು ಏರುತ್ತಿದೆ. ರಾಡ್ ಹಾಕದ ಸ್ಯಾಂಪಲ್ ಸೋರುತ್ತಿಲ್ಲ. ಟ್ರೈಟಾನ್ ಎಂಬ ಡಿಟರ್ಜೆಂಟ್ ಹಾಕಿ ಪೊರೆ ಒಡೆದಾಗ ರಾಡ್ ಇರುವ ಸ್ಯಾಂಪಲ್‌ನಲ್ಲಿ ರೀಡಿಂಗ್ ಕಡಿಮೆ ಬರುತ್ತದೆ, ಅದೂ ಗೊತ್ತಾಗುತ್ತಿಲ್ಲ.

ನಸುಗೆಂಪು:
ಮೊದಲ ಅನುಮಾನ ಸಿಟ್ಯಾಬ್ ಮೇಲೆ. ರಾಡ್ ಬೆಳೆಸಲು ಬಳಸುವ ಈ ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಲಿಪಿಡ್ ಪೊರೆಯನ್ನೂ ತೂತು ಮಾಡುತ್ತದೆ. ರಾಡ್‌ಗಳನ್ನು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿ ದ್ರವವನ್ನು ಮಾತ್ರ ಲಿಪೊಸೋಮ್‌ಗೆ ಹಾಕಿ ನೋಡಿ. ಆಗಲೂ ಸೋರಿದರೆ ತಪ್ಪು ರಾಡ್‌ನದ್ದಲ್ಲ, ಸಿಟ್ಯಾಬ್‌ನದ್ದು. ಹಾಗಂತ ಬರೀ ತೊಳೆಯುತ್ತಾ ಹೋಗಬೇಡಿ. ಸಿಟ್ಯಾಬ್ ತೀರಾ ಕಡಿಮೆಯಾದರೆ ರಾಡ್‌ಗಳು ಒಂದಕ್ಕೊಂದು ಅಂಟಿಕೊಂಡು 800 ನ್ಯಾನೊಮೀಟರ್ ಹತ್ತಿರ ಅವು ಬೆಳಕು ಹೀರುವ ಪೀಕ್ ಅಗಲವಾಗಿ ಕುಸಿಯುತ್ತದೆ. ಒಂದು ಸಲ ತೊಳೆದು, ಥಯಾಲ್-ಪೆಗ್ (ಚಿನ್ನಕ್ಕೆ ಅಂಟಿ ಸಿಟ್ಯಾಬ್ ಜಾಗ ಹಿಡಿಯುವ ಪಾಲಿಮರ್) ಹಾಕಿ ರಾತ್ರಿಯಿಡೀ ಕಲಕಲು ಬಿಟ್ಟು, ಆಮೇಲೆ ಮತ್ತೆರಡು ಸಲ ತೊಳೆಯಿರಿ. ಸಿಟ್ಯಾಬ್ ಇರುವ ದ್ರಾವಣವನ್ನು ಫ್ರಿಜ್‌ನಲ್ಲಿಟ್ಟರೆ ಬಿಳಿ ಸೂಜಿಯಂಥ ಹರಳು ಕೂರುತ್ತವೆ.

ಟ್ರೈಟಾನ್_ಟ್ಯೂಬ್:
ರೀಡಿಂಗ್ ಇಳಿಯುವುದಕ್ಕೆ ಕಾರಣ ಬೇರೆ. ನ್ಯಾನೊರಾಡ್‌ಗೆ 800 ಮಾತ್ರವಲ್ಲ, 510-520ರಲ್ಲಿ ಇನ್ನೊಂದು ಪೀಕ್ ಇರುತ್ತದೆ. ಕ್ಯಾಲ್ಸೀನ್ ಬೆಳಕು ಹೊಮ್ಮಿಸುವುದು ಸುಮಾರು 515ರಲ್ಲಿ. ಅದರಲ್ಲೊಂದು ಪಾಲನ್ನು ರಾಡೇ ನುಂಗುತ್ತದೆ. ಹಾಗಾಗಿ 100% ರೀಡಿಂಗನ್ನು ರಾಡ್ ಇಲ್ಲದ ಟ್ಯೂಬಿನಿಂದ ತರಬೇಡಿ. ಅದೇ ಟ್ಯೂಬಿಗೆ ಕೊನೆಯಲ್ಲಿ ಟ್ರೈಟಾನ್ ಎಕ್ಸ್-100 ಅನ್ನು 0.1% ಆಗುವಂತೆ ಹಾಕಿ, 25 ಡಿಗ್ರಿಗೆ ಆರಿಸಿ ಓದಿ. ಬಿಡುಗಡೆ % = (ಈಗಿನದು − ಮೊದಲಿನದು) ÷ (ಟ್ರೈಟಾನ್ ನಂತರದ್ದು − ಮೊದಲಿನದು) × 100.

ನಸುಗೆಂಪು:
ಕಂಟ್ರೋಲ್ ಮೂರಾದರೂ ಬೇಕು: ರಾಡ್ ಇಲ್ಲದೆ ಲೇಸರ್, ಲೇಸರ್ ಇಲ್ಲದೆ ರಾಡ್, ಲೇಸರ್ ಇಲ್ಲದೆ 42 ಡಿಗ್ರಿ ವಾಟರ್ ಬಾತ್. ಮೂರನೆಯದರಲ್ಲಿ ಬಿಡುಗಡೆ ಆಗದಿದ್ದರೆ ಲಿಪೊಸೋಮೇ ಸರಿಯಿಲ್ಲ. ಥರ್ಮೊಕಪಲ್ (ತಾಪ ಅಳೆಯುವ ತಂತಿ) ತುದಿ ಬೀಮ್‌ನೊಳಗೆ ಇರಬಾರದು. ಬೆಳಕನ್ನು ತಾನೇ ಹೀರಿ ಸುಳ್ಳು ಬಿಸಿ ತೋರಿಸುತ್ತದೆ. ಪವರ್ ಅಳೆಯುವುದು ಲೇಸರ್ ಡಬ್ಬದ ಮೇಲಿನ ಅಂಕಿಯಿಂದ ಅಲ್ಲ, ಸ್ಯಾಂಪಲ್ ಜಾಗದಲ್ಲಿ ಮೀಟರ್ ಇಟ್ಟು. 5 ಮಿಮೀ ವ್ಯಾಸದ ಚುಕ್ಕೆಗೆ 200 ಮಿಲಿವಾಟ್ ಬಿದ್ದರೆ ಚದರ ಸೆಂಮೀಗೆ ಸುಮಾರು 1 ವಾಟ್. ಟ್ಯೂಬಿಗೆ ಪರವಾಗಿಲ್ಲ, ಆದರೆ 808ರಲ್ಲಿ ಚರ್ಮಕ್ಕೆ ಒಪ್ಪಿರುವ ಮಿತಿ ಚದರ ಸೆಂಮೀಗೆ ಸುಮಾರು 0.33 ವಾಟ್. ಪ್ರಾಣಿ ಪ್ರಯೋಗಕ್ಕೆ ಹೋಗುವವರು ಈ ಲೆಕ್ಕ ಈಗಲೇ ಹಾಕಿಕೊಳ್ಳಿ. ಈ ಬೆಳಕು ಕಣ್ಣಿಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. 808ಕ್ಕೆಂದೇ ಇರುವ ಕನ್ನಡಕ ಹಾಕಿ.

ಪೊರೆ_ಪ್ರಶ್ನೆ:
ತಿಳಿ ದ್ರವ ಮಾತ್ರ ಹಾಕಿದರೂ ಸೋರಿತು. ಥಯಾಲ್-ಪೆಗ್ ತರಿಸುತ್ತಿದ್ದೇನೆ. ಅಲ್ಲಿಯವರೆಗೆ ಪಕ್ಕದ ಲ್ಯಾಬಿನ ನ್ಯಾನೊಸೆಕೆಂಡ್ ಪಲ್ಸ್ ಲೇಸರ್ ಪ್ರಯತ್ನಿಸಬಹುದಾ?

ಟ್ರೈಟಾನ್_ಟ್ಯೂಬ್:
ಬೇಡ. ಜೋರು ಪಲ್ಸ್‌ಗೆ ರಾಡ್ ಕರಗಿ ಗುಂಡಗಾಗುತ್ತದೆ, 800ರ ಪೀಕೇ ಹೋಗಿಬಿಡುತ್ತದೆ. ನಿಮಗೆ ಬೇಕಿರುವುದು ನಿಧಾನದ ಬಿಸಿ, ಅದಕ್ಕೆ ನಿರಂತರ ಲೇಸರೇ ಸರಿ. ಹೊಸ ರಾಡ್ ಬಂದಮೇಲೆ ಸೀರಮ್‌ನಲ್ಲಿ 37 ಡಿಗ್ರಿಗೆ ಇಟ್ಟೂ ನೋಡಿ, ಎಂಎಸ್‌ಪಿಸಿ ಇರುವ ಪೊರೆ ಬಫರ್‌ಗಿಂತ ಅಲ್ಲಿ ಜಾಸ್ತಿ ಸೋರುತ್ತದೆ.