ಫೋಕಸ್ ಗ್ರೂಪ್‌ಗೆ ‘ಕೇಂದ್ರೀಕೃತ ಗುಂಪು’ ಒಪ್ಪುತ್ತದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಮೊಬೈಲ್ ಆ್ಯಪ್ ರೂಪಿಸುವವರಿಗಾಗಿ ಬಳಕೆದಾರರ ಅಧ್ಯಯನದ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಫೋಕಸ್ ಗ್ರೂಪ್ (ಒಂದು ವಿಷಯದ ಬಗ್ಗೆ ಮಾತನಾಡಿಸಲು ಒಟ್ಟಿಗೆ ಕೂರಿಸುವ ಸಣ್ಣ ಗುಂಪು) ಕರೆಯಬೇಕೇ, ಆನ್‌ಲೈನ್ ಸಮೀಕ್ಷೆ ನಡೆಸಬೇಕೇ ಎಂಬ ಅಧ್ಯಾಯದಲ್ಲಿ ಮೊದಲನೆಯದರ ಹೆಸರೇ ತೊಡಕಾಗಿ ನಿಂತಿದೆ.

‘ಕೇಂದ್ರೀಕೃತ ಗುಂಪು ಚರ್ಚೆ’ ಎಂಬ ರೂಪ ಬಳಕೆಯಲ್ಲಿದೆ. ಓದಿದ ಕೂಡಲೇ ಅಧಿಕಾರದ ಕೇಂದ್ರೀಕರಣ ನೆನಪಿಗೆ ಬರುತ್ತದೆ. ಮೂಲದಲ್ಲಿ ಗಮನ ನೆಟ್ಟಿದ್ದು ಗುಂಪಿನ ಮೇಲಲ್ಲ, ವಿಷಯದ ಮೇಲೆ. 1940ರ ದಶಕದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಲಾಜರ್ಸ್‌ಫೆಲ್ಡ್ ಅವರ ತಂಡ ಜನರಿಗೆ ರೇಡಿಯೊ ಕಾರ್ಯಕ್ರಮ ಕೇಳಿಸಿ, ಮೆಚ್ಚಿದರೆ ಹಸಿರು ಗುಂಡಿ, ಮೆಚ್ಚದಿದ್ದರೆ ಕೆಂಪು ಗುಂಡಿ ಒತ್ತಿಸುತ್ತಿತ್ತು. ಎಷ್ಟು ಮಂದಿ ಮೆಚ್ಚಿದರು, ಯಾವ ಘಳಿಗೆಯಲ್ಲಿ ಮೆಚ್ಚಿದರು ಎಂಬುದು ಗುಂಡಿಯಿಂದ ತಿಳಿಯುತ್ತಿತ್ತು. ಏಕೆ ಎಂಬುದು ತಿಳಿಯುತ್ತಿರಲಿಲ್ಲ. ಅದನ್ನು ಹೊರತೆಗೆಯಲು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಕೇಳುಗರನ್ನು ಮಾತನಾಡಿಸುವ ಕ್ರಮವೊಂದನ್ನು ಬೆಳೆಸಿದರು. ಪೆಟ್ರೀಷಿಯಾ ಕೆಂಡಾಲ್ ಜೊತೆ 1946ರಲ್ಲಿ ಅವರು ಬರೆದ ಲೇಖನದಲ್ಲಿ ‘ಫೋಕಸ್ಡ್’ ಎಂಬುದು ಸಂದರ್ಶನಕ್ಕೆ ಹತ್ತಿದ ವಿಶೇಷಣ. ಗುಂಪಿಗೆ ಅದು ಅಂಟಿಕೊಂಡದ್ದು ಆಮೇಲೆ.

ಹಾಗಾದರೆ ಕನ್ನಡದಲ್ಲಿ ಏನೆನ್ನೋಣ? ‘ಗುರಿ ಗುಂಪು’ ಎಂದರೆ ಯೋಜನೆಯ ಫಲಾನುಭವಿಗಳು ಎಂದಾಗುತ್ತದೆ. ‘ಗುಂಪು ಚರ್ಚೆ’ ಎಂದರೆ ಉದ್ಯೋಗದ ಆಯ್ಕೆಯಲ್ಲಿ ಒಬ್ಬರನ್ನೊಬ್ಬರು ಮೀರಿಸಲು ನಡೆಸುವ ವಾದ. ಆ ಹೆಸರಿನಲ್ಲಿ ಕರೆದರೆ ಬಂದವರು ಗೆಲ್ಲಲು ಕೂರುತ್ತಾರೆ. ‘ಗುಂಪು ಸಂದರ್ಶನ’ ಮರ್ಟನ್‌ಗೆ ಹತ್ತಿರ, ಆದರೆ ಸರದಿಯಂತೆ ಉತ್ತರ ಹೇಳಿಸುವ ಚಿತ್ರ ಕಟ್ಟುತ್ತದೆ. ಆರೆಂಟು ಮಂದಿ ಪರಸ್ಪರ ಮಾತನಾಡುವುದೇ ಈ ವಿಧಾನದ ಜೀವಾಳ. ನನ್ನ ಒಲವು ‘ವಿಷಯನಿಷ್ಠ ಗುಂಪು ಸಂವಾದ’ದ ಕಡೆಗೆ. ಉದ್ದವಾಯಿತೆಂಬುದು ನಿಜ.

ಇನ್ನು ‘ಸಮೀಕ್ಷೆ’. ಪುಸ್ತಕ ವಿಮರ್ಶೆಗೂ ಆ ಪದವಿದೆ, ಆದರೂ ಸಂದರ್ಭ ಕೈಬಿಡುವುದಿಲ್ಲ. ತೊಂದರೆ ಇರುವುದು ಪ್ರಶ್ನಾವಳಿಯ ಒಳಗೆ. ‘ಬಲವಾಗಿ ಒಪ್ಪುತ್ತೇನೆ’ ಎಂಬ ಆಯ್ಕೆ ಕಂಡಾಗಲೆಲ್ಲ ಸಂಕಟವಾಗುತ್ತದೆ. ಕನ್ನಡದಲ್ಲಿ ನಾವು ಬಲವಾಗಿ ವಿರೋಧಿಸುತ್ತೇವೆ. ಒಪ್ಪುವುದಾದರೆ ಪೂರ್ತಿ ಒಪ್ಪುತ್ತೇವೆ. ‘ತಟಸ್ಥ’ ಇನ್ನೂ ಕಷ್ಟದ್ದು. ಗೊತ್ತಿಲ್ಲದವರು, ಹೇಳಲು ಮನಸ್ಸಿಲ್ಲದವರು, ನಿಜಕ್ಕೂ ಎರಡೂ ಸಮ ಎನ್ನುವವರು, ಎಲ್ಲರೂ ಅಲ್ಲಿಗೇ ಗುರುತು ಹಾಕುತ್ತಾರೆ. ಎದುರಿಗೆ ಕೂತಿದ್ದರೆ ‘ಹಾಗೆಂದರೇನು?’ ಎಂದು ಕೇಳಬಹುದು, ಪರದೆಯ ಮೇಲಿನ ಪ್ರಶ್ನಾವಳಿ ಕೇಳಲಾರದು. ಆದ್ದರಿಂದಲೇ ಕೈಪಿಡಿಯಲ್ಲಿ ಸಣ್ಣ ಗುಂಪನ್ನು ಮೊದಲು ಕೂರಿಸಿ, ಅವರ ಬಾಯಿಂದ ಬಂದ ಪದಗಳಲ್ಲೇ ಸಮೀಕ್ಷೆಯ ಪ್ರಶ್ನೆ ಬರೆಯಿರಿ ಎಂದಿದ್ದೇನೆ. ಎಷ್ಟು ಮಂದಿ ಹಾಗೆ ಯೋಚಿಸುತ್ತಾರೆ ಎಂಬುದಕ್ಕೆ ಮಾತ್ರ ಗುಂಪನ್ನು ನಂಬಬಾರದು. ಆರೆಂಟು ಮಂದಿಯಿಂದ ಶೇಕಡಾವಾರು ಲೆಕ್ಕ ತೆಗೆಯುವುದು ತಪ್ಪು.

ಕ್ಷೇತ್ರಕಾರ್ಯ ಮಾಡುವವರು ತಮ್ಮೊಳಗೆ ‘ಎಫ್‌ಜಿಡಿ’ (ಫೋಕಸ್ ಗ್ರೂಪ್ ಡಿಸ್ಕಷನ್) ಎನ್ನುತ್ತಾರೆ. ಆದರೆ ಊರಿನಲ್ಲಿ ಸ್ವಸಹಾಯ ಸಂಘದ ಮಹಿಳೆಯರನ್ನು ಕರೆಯುವಾಗ ಯಾವ ಪದ ಬಳಸುತ್ತೀರಿ? ಧಾರವಾಡ, ಕಲಬುರಗಿ, ಮಂಗಳೂರಿನ ಕಡೆಯ ರೂಢಿ ಬೇರೆಯಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.