ಅಪ್‌ಡೇಟ್: ಫ್ಲೋರ್ ಮ್ಯಾನೇಜರ್ ಕೆಲಸ ಒಪ್ಪಿಕೊಂಡೆ

ಬಿಲ್ಲಿಂಗ್ ಕೌಂಟರ್‌ನಿಂದ ಫ್ಲೋರ್ ಮ್ಯಾನೇಜರ್ ಆಗಿ ಬಡ್ತಿ ಸಿಗುತ್ತಿದೆ, ಇಷ್ಟು ದಿನ ಜೊತೆಗಿದ್ದವರಿಗೇ ಕೆಲಸ ಹೇಳುವುದು ಹೇಗೆ ಅಂತ ಕೇಳಿದ್ದೆ. ಒಪ್ಪಿಕೊಂಡೆ. ಖುಷಿಯಾಗಿದ್ದೇನೆ.

ಮೊದಲು ಒಬ್ಬೊಬ್ಬರ ಜೊತೆ ಕೂತು ಮಾತಾಡಿ ಅಂದಿದ್ದಿರಲ್ಲ, ಅದು ತುಂಬಾ ಕೆಲಸಕ್ಕೆ ಬಂತು. ಇದೇ ಹುದ್ದೆಗೆ ಆಸೆಪಟ್ಟಿದ್ದ ಗೆಳತಿ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅವಳನ್ನೇ ಮೊದಲು ಕರೆದೆ. ಸ್ಟಾಕ್ ಲೆಕ್ಕದಲ್ಲಿ ಅವಳು ನನಗಿಂತ ಚುರುಕು, ಅದನ್ನೇ ಹೇಳಿದೆ. ಈಗ ಗೋಡೌನ್ ಎಣಿಕೆ ಅವಳದೇ ಜವಾಬ್ದಾರಿ.

ಕಷ್ಟ ಅಂದರೆ ಶಿಫ್ಟ್ ಪಟ್ಟಿ. ಎಲ್ಲರಿಗೂ ಭಾನುವಾರವೇ ರಜೆ ಬೇಕು, ಗಿರಾಕಿಗಳೂ ಅವತ್ತೇ ಜಾಸ್ತಿ ಅಲ್ವಾ? ಸರದಿ ಮಾಡಿ, 2 ವಾರ ಮೊದಲೇ ಪಟ್ಟಿ ಅಂಟಿಸುತ್ತೇನೆ. ನನ್ನ ಹೆಸರೂ ಅದೇ ಸರದಿಯಲ್ಲಿದೆ. ಗೊಣಗಾಟ ಕಡಿಮೆಯಾಗಿದೆ. ಹೊಸ ಸಂಬಳವನ್ನು ಬರೆಸಿಕೊಳ್ಳಿ ಅಂದವರಿಗೂ ಥ್ಯಾಂಕ್ಸ್, ಪತ್ರ ಕೈಸೇರಿದೆ.